ತೋಟದ ಮನೆಗೆ ಹೊಸ ಬ್ಯಾಟರಿ: ಅಂಗಡಿಗೆ ಹೋಗುವ ಮೊದಲು ಮಾಡಿದ ಲೆಕ್ಕ

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಆರಕ್ಕೆ ಅಪ್ಪ ಫೋನ್ ಮಾಡಿದರು. "ಮಗ, ರಾತ್ರಿ ಎರಡಕ್ಕೇ ಯುಪಿಎಸ್ಸು ಕೂಗ್ಕೊಂಡು ನಿಂತೋಯ್ತು. ಫ್ರಿಜ್ಜೂ ನಿಂತೈತೆ. ನಿಮ್ಮವ್ವನ ಇಂಜೆಕ್ಷನ್ ಏನ್ ಮಾಡಣ?"

ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್. ಬಳಸುತ್ತಿರುವ ಸೀಸೆ ಸ್ವಲ್ಪ ದಿನ ಹೊರಗಿದ್ದರೂ ನಡೆಯುತ್ತದೆ, ಆದರೆ ತೆರೆಯದ ಸೀಸೆಗಳು 2ರಿಂದ 8 ಡಿಗ್ರಿ ಒಳಗೇ ಇರಬೇಕು. ಏಪ್ರಿಲ್ ಸೆಕೆಯಲ್ಲಿ ಫ್ರಿಜ್ ನಾಲ್ಕೈದು ಗಂಟೆ ನಿಂತರೆ ಒಳಗೆ ಏನಾಗಿರುತ್ತೆ ಅಂತ ಯೋಚಿಸಿ. ಬಾಗಿಲು ತೆಗೀಬೇಡಿ ಅಂತ ಹೇಳಿ, ಐಸ್ ಡಬ್ಬಿ ತಗೊಂಡು ಮೈಸೂರಿನಿಂದ ಹೊರಟೆ.

ನಮ್ಮ ತೋಟದ ಮನೆ ಪಾಂಡವಪುರದ ಆಚೆಗಿದೆ. ಅಂಗಳದಲ್ಲಿ ನಿಂತರೆ ಕುಂತಿಬೆಟ್ಟ ಕಾಣುತ್ತದೆ. ಊರಿನಿಂದ ಒಂದೂವರೆ ಕಿಲೋಮೀಟರ್ ಒಳಗೆ, ಸುತ್ತ ಕಬ್ಬಿನ ಗದ್ದೆ. ಪಂಪ್‌ಸೆಟ್ಟಿಗೆ ಲೈನ್ ಇದೆ, ಮನೆಗೆ ಅಂತ ಬೇರೆ ಲೈನ್ ಇಲ್ಲ. ಅದಕ್ಕೇ ಐದು ವರ್ಷದ ಹಿಂದೆ ಸೋಲಾರ್ ಹಾಕಿಸಿದ್ದು. ಚಾವಣಿ ಮೇಲೆ 330 ವಾಟ್‌ನ ನಾಲ್ಕು ಪ್ಯಾನೆಲ್, ಕೆಳಗೆ 24 ವೋಲ್ಟ್ ಇನ್ವರ್ಟರ್, 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ (ನೀರು ಹಾಕುವ ಲೆಡ್ ಆ್ಯಸಿಡ್ ಜಾತಿ; ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ). ಮನೆಯ ಫ್ಯಾನು, ಲೈಟು, ಟಿವಿ, ಫ್ರಿಜ್ಜು ಎಲ್ಲ ಅದರಲ್ಲೇ. ಹೊರಗಿನ ಲೈಟಂತೂ ರಾತ್ರಿಯಿಡೀ ಉರಿಯಲೇಬೇಕು, ಯಾಕೆಂದರೆ ಕಬ್ಬಿನ ಗದ್ದೆಯಲ್ಲಿ ಚಿರತೆ ಓಡಾಡೋದು ನಮ್ಮ ಕಡೆ ಹೊಸ ವಿಷಯವೇನಲ್ಲ.

ಹೋದವನೇ ಮಲ್ಟಿಮೀಟರ್ ಹಿಡಿದೆ. ಒಂದು ಬ್ಯಾಟರಿ 12.1 ವೋಲ್ಟ್, ಇನ್ನೊಂದು 11.3. ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡಿದರೆ ಎರಡನೆಯದರಲ್ಲಿ ಐದು ಸೆಲ್ ಹೆಚ್ಚೂಕಡಿಮೆ ಒಂದೇ ಸಮ, ಆರನೆಯದು ಮಾತ್ರ ತೀರಾ ಕಡಿಮೆ, 1.120. ಒಂದು ಸೆಲ್ ಹೋಗಿತ್ತು. ಸರಣಿಯಲ್ಲಿ ಜೋಡಿಸಿದ ಮೇಲೆ ಒಂದು ಸೆಲ್ ಕೈಕೊಟ್ಟರೂ ಪೂರ್ತಿ ಜೋಡಿ ಕೈಕೊಟ್ಟ ಹಾಗೆ. ಎತ್ತಿನ ಜೋಡಿಯಲ್ಲಿ ಒಂದು ಕುಂಟಿದರೆ ಗಾಡಿ ಹೋಗುವುದಿಲ್ಲ, ಹಾಗೇ.

ಅವತ್ತೇ ಒಂದು ಅಂಗಡಿಗೆ ಹೋಗಿ ಕೇಳಿದೆ. ಕೆಟ್ಟಿರೋದು ಒಂದೇ ತಾನೇ, ಅದೊಂದನ್ನೇ ಬದಲಾಯಿಸಿ ಅಂದರು. ಇನ್ನೊಬ್ಬರು ಸ್ವಲ್ಪ ಆ್ಯಸಿಡ್ ಹಾಕಿಸಿದರೆ ಆರು ತಿಂಗಳು ಓಡುತ್ತೆ ಅಂದರು. ಎರಡೂ ತಪ್ಪು ಸಲಹೆ. ಐದು ವರ್ಷ ದುಡಿದ ಬ್ಯಾಟರಿಯ ಪಕ್ಕ ಹೊಸದನ್ನು ಸರಣಿಯಲ್ಲಿ ಕೂರಿಸಿದರೆ ಹಳೆಯದು ಬೇಗ ಖಾಲಿಯಾಗುತ್ತದೆ. ಚಾರ್ಜ್ ಆಗುವಾಗ ಎರಡಕ್ಕೂ ವೋಲ್ಟೇಜ್ ಸಮನಾಗಿ ಹಂಚಿಕೆ ಆಗುವುದಿಲ್ಲ. ಹೊಸದೂ ಹಾಳಾಗುತ್ತದೆ. ಇನ್ನು ಆ್ಯಸಿಡ್. ಬ್ಯಾಟರಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಆ್ಯಸಿಡ್ ಅಲ್ಲೇ ಇರುತ್ತದೆ. ಹಾಗಾಗಿ ಮೇಲಿಂದ ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಮಂಡ್ಯ ಕಡೆಯ ಬೋರ್‌ವೆಲ್ ನೀರನ್ನಂತೂ ಅದರ ಹತ್ತಿರಕ್ಕೂ ತರಬೇಡಿ.

ನಾನೂ ಮೊದಲು ಎಲ್ಲರ ಹಾಗೇ ಯೋಚಿಸಿದೆ. ಹಳೆಯದು 150, ಈ ಸಲ 200 ಹಾಕಿಸೋಣ, ದೊಡ್ಡದಾದರೆ ಜಾಸ್ತಿ ಬಾಳುತ್ತೆ ಅಲ್ವಾ ಅಂತ. ಅಷ್ಟರಲ್ಲಿ ಅಕ್ಕ, ಭಾವ ಮೈಸೂರಿಗೆ ಬಂದರು.

ಭಾವ ಹಡಗಿನಲ್ಲಿ ಎಲೆಕ್ಟ್ರಿಕಲ್ ಆಫೀಸರ್ ಆಗಿದ್ದವರು. ಈಗ ನಿವೃತ್ತಿಯಾಗಿ ಕೊಚ್ಚಿಯಲ್ಲಿದ್ದಾರೆ. ಅಲ್ಲಿ ಇಬ್ಬರು ಸ್ನೇಹಿತರ ಜೊತೆ ಸೇರಿ ಒಂದು ಹಳೆಯ ಹಾಯಿದೋಣಿ ಇಟ್ಟುಕೊಂಡಿದ್ದಾರೆ, ಮೂವತ್ತು ಅಡಿ ಉದ್ದದ್ದು. ಹೋದ ವರ್ಷ ಅದರ ಬ್ಯಾಟರಿ ಬದಲಾಯಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ನನ್ನ ಕತೆ ಕೇಳಿ ಅವರು ಯಾವ ಬ್ಯಾಟರಿಯ ಹೆಸರನ್ನೂ ಹೇಳಲಿಲ್ಲ. "ಒಂದು ಪೇಪರ್ ಕೊಡು. ರಾತ್ರಿ ಆರರಿಂದ ಬೆಳಗ್ಗೆ ಏಳರವರೆಗೆ ಆ ಮನೇಲಿ ಏನೇನು ಓಡುತ್ತೆ, ಎಷ್ಟು ಹೊತ್ತು ಓಡುತ್ತೆ, ಎಲ್ಲ ಬರಿ. ಅದಿಲ್ದೆ ಅಂಗಡಿಗೆ ಹೋಗ್ಬೇಡ ಕಣಯ್ಯ" ಅಂದರು.

ದೋಣಿಗೂ ತೋಟದ ಮನೆಗೂ ಏನು ಸಂಬಂಧ ಅಂತ ಕೇಳಿದೆ. ಎರಡೂ ಒಂದೇ ಅಂದರು. ಹಾಯಿದೋಣಿ ಲಂಗರು ಹಾಕಿ ನಿಂತಾಗ ಅಲ್ಲಿಗೆ ಯಾವ ವಿದ್ಯುತ್ ಕಂಬವೂ ಇಲ್ಲ. ಫ್ರಿಜ್ಜು, ದೀಪ, ರೇಡಿಯೋ, ಜಿಪಿಎಸ್, ನೀರಿನ ಪಂಪು ಎಲ್ಲ ಬ್ಯಾಟರಿಯಲ್ಲೇ ನಡೆಯಬೇಕು. ಅಲ್ಲೂ ಜಾಸ್ತಿ ತಿನ್ನುವುದು ಫ್ರಿಜ್ಜೇ. ತುಂಬಿಸುವುದು ಸೋಲಾರ್ ಪ್ಯಾನೆಲ್, ಇಲ್ಲವೇ ಎಂಜಿನ್ ಓಡುವಾಗ ಕರೆಂಟ್ ಮಾಡುವ ಆಲ್ಟರ್ನೇಟರ್. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಪ್ರತ್ಯೇಕವಾಗಿ ಇಟ್ಟಿರುತ್ತಾರಂತೆ, ಫ್ರಿಜ್ಜಿನ ಬ್ಯಾಟರಿ ಪೂರ್ತಿ ಖಾಲಿಯಾದರೂ ಎಂಜಿನ್ ಚಾಲೂ ಆಗಲಿ ಅಂತ. ಈ ಎರಡು ಬ್ಯಾಟರಿಗಳ ಜಾತಿಯೇ ಬೇರೆ. ಸ್ಟಾರ್ಟರ್ ಬ್ಯಾಟರಿಯಲ್ಲಿ ತೆಳು ಪ್ಲೇಟುಗಳು ಬಹಳ ಇರುತ್ತವೆ, ಕ್ಷಣಕ್ಕೆ ನೂರಾರು ಆಂಪ್ ಕೊಟ್ಟು ಸುಮ್ಮನಾಗುತ್ತವೆ. ಗಂಟೆಗಟ್ಟಲೆ ನಿಧಾನಕ್ಕೆ ಕೊಡುವ ಬ್ಯಾಟರಿಗೆ ದಪ್ಪ ಪ್ಲೇಟು ಅಥವಾ ಟ್ಯೂಬ್ ಬೇಕು. ಕಾರಿನ ಬ್ಯಾಟರಿಯನ್ನು ಮನೆಯ ಯುಪಿಎಸ್‌ಗೆ ಹಾಕಿದವರು ವರ್ಷದೊಳಗೆ ಕೈಸುಟ್ಟುಕೊಳ್ಳುವುದು ಇದಕ್ಕೇ.

ಸರಿ, ಬರೆಯಲು ಕೂತೆ. ಪ್ಲಗ್ಗಿಗೆ ಹಾಕುವ ಚಿಕ್ಕ ಮೀಟರ್ ತಂದು ಫ್ರಿಜ್ಜಿಗೆ ಒಂದು ದಿನ ಹಾಕಿದೆ. 24 ಗಂಟೆಗೆ 0.8 ಯೂನಿಟ್ ತೋರಿಸಿತು. ರಾತ್ರಿ ಪಾಲು 0.4 ಅಂದುಕೊಳ್ಳಿ. 30 ವಾಟ್‌ನ ಎರಡು ಫ್ಯಾನ್ ಒಂಬತ್ತು ಗಂಟೆಗೆ 0.54. ಒಳಗಿನ ಲೈಟುಗಳು 0.22, ಹೊರಗಿನ ಲೈಟು 0.14, ಟಿವಿ 0.15. ವೈಫೈ ಮತ್ತು ಕ್ಯಾಮೆರಾ ಸೇರಿ ಬರೀ 20 ವಾಟ್ ಅಂತ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ರಾತ್ರಿಯೆಲ್ಲ ಓಡಿ 0.26 ತಿನ್ನುತ್ತದೆ. ಎಲ್ಲಕ್ಕಿಂತ ನನಗೆ ಬೆರಗಾಗಿದ್ದು ಇನ್ವರ್ಟರ್. ಏನೂ ಓಡದಿದ್ದರೂ ಸುಮ್ನೆ ಆನ್ ಆಗಿ ಕೂತಿರಲು ಅದಕ್ಕೇ 25 ವಾಟ್ ಬೇಕು. 13 ಗಂಟೆಗೆ 0.32 ಯೂನಿಟ್. ಹೊರಗಿನ ಲೈಟಿನ ಎರಡರಷ್ಟು! ಒಟ್ಟು ಎರಡು ಯೂನಿಟ್ ದಾಟಿತು. ಬ್ಯಾಟರಿಯ ಡಿಸಿಯನ್ನು ಎಸಿ ಮಾಡುವಾಗ ಆಗುವ ನಷ್ಟ ಸೇರಿಸಿದರೆ ರಾತ್ರಿಗೆ ಸುಮಾರು 2.3 ಯೂನಿಟ್ ಬ್ಯಾಟರಿಯಿಂದ ಬರಬೇಕು.

ಈಗ ಹಳೆಯ ಬ್ಯಾಟರಿಯಲ್ಲಿ ಎಷ್ಟಿತ್ತು ನೋಡಿ. 24 ವೋಲ್ಟನ್ನು 150ರಿಂದ ಗುಣಿಸಿದರೆ 3,600 ವಾಟ್-ಅವರ್. ಅಂದರೆ 3.6 ಯೂನಿಟ್. ಲೆಡ್ ಆ್ಯಸಿಡ್ ಬ್ಯಾಟರಿ ಬಹಳ ವರ್ಷ ಬಾಳಬೇಕಾದರೆ ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅರ್ಧ ಅಂದರೆ 1.8. ನಾವು ಮೊದಲ ದಿನದಿಂದಲೇ 2.3 ಎಳೆಯುತ್ತಿದ್ದೆವು. ಹೊಸದಿದ್ದಾಗಲೇ ನೂರರಲ್ಲಿ 64 ಪಾಲು. ಬ್ಯಾಟರಿ ಹಳತಾದ ಹಾಗೆ ಅದರ ಹೊಟ್ಟೆ ಚಿಕ್ಕದಾಗುತ್ತದೆ, ನಮ್ಮ ಎಳೆತ ಅಷ್ಟೇ ಇರುತ್ತದೆ. ಅದು ಐದು ವರ್ಷ ತಡೆದದ್ದೇ ದೊಡ್ಡದು. ಬ್ಯಾಟರಿ ಕಂಪನಿಯ ತಪ್ಪೇನೂ ಇಲ್ಲ. ಹಾಕುವಾಗ ಯಾರೂ ಕೂತು ಲೆಕ್ಕ ಹಾಕಿರಲಿಲ್ಲ, ಅಷ್ಟೇ.

ಹಾಗಾದರೆ ನಾಲ್ಕು ಬ್ಯಾಟರಿ ಹಾಕಿದರೆ ಮುಗೀತಲ್ಲ ಅಂತ ಭಾವನನ್ನು ಕೇಳಿದೆ. ಅದಕ್ಕವರು ಕೆರೆಯ ಲೆಕ್ಕ ಹೇಳಿದರು. ಕೆರೆ ದೊಡ್ಡದು ಮಾಡಬಹುದು, ಆದರೆ ಅದಕ್ಕೆ ನೀರು ತರುವ ಹಳ್ಳ ಎಷ್ಟು ದೊಡ್ಡದು? ನಮ್ಮ ನಾಲ್ಕು ಪ್ಯಾನೆಲ್ ಮಾರ್ಚ್ ಬಿಸಿಲಿನಲ್ಲಿ ದಿನಕ್ಕೆ 5 ಯೂನಿಟ್ ಹತ್ತಿರ ಕೊಡುತ್ತವೆ. ಜುಲೈನ ಮೋಡದ ದಿನ ಅದರ ಅರ್ಧವೂ ಇಲ್ಲ. ಹಗಲಿನ ಖರ್ಚು ಕಳೆದು ಉಳಿದದ್ದಷ್ಟೇ ಬ್ಯಾಟರಿಗೆ. ಟ್ಯೂಬುಲರ್ ಬ್ಯಾಟರಿಗೆ ಹಾಕಿದ್ದೆಲ್ಲ ವಾಪಸ್ ಬರುವುದೂ ಇಲ್ಲ, ನೂರಕ್ಕೆ 80-85 ಬಂದರೆ ಹೆಚ್ಚು. ಮೇಲಾಗಿ ಅದು ಮುಕ್ಕಾಲು ಪಾಲು ಬೇಗ ತುಂಬಿಕೊಂಡು, ಕೊನೆಯ ಕಾಲು ಭಾಗಕ್ಕೆ ಮೂರು ನಾಲ್ಕು ಗಂಟೆ ತಗೊಳ್ಳುತ್ತದೆ. ಅಷ್ಟರಲ್ಲಿ ಸಂಜೆಯಾಗಿರುತ್ತದೆ.

ಪೂರ್ತಿ ತುಂಬದೇ ಇದ್ದರೆ ಏನಾಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ ವಿಷಯ. ಬ್ಯಾಟರಿ ಖಾಲಿಯಾಗುವಾಗ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಅದು ಸಹಜ. ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ಆದರೆ ದಿನಗಟ್ಟಲೆ ಅರೆಬರೆ ಚಾರ್ಜಿನಲ್ಲೇ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಬಿಡುವುದಿಲ್ಲ. "ಲಂಗರು ಹಾಕಿ ವಾರಗಟ್ಟಲೆ ನಿಂತ ದೋಣಿಗಳಲ್ಲಿ ಇದೇ ಕಾಯಿಲೆ. ಬ್ಯಾಟರಿ ದಿನಾ ಅರ್ಧ ಹೊಟ್ಟೇಲೇ ಮಲಗುತ್ತೆ" ಅಂದರು ಭಾವ. ಆಷಾಢದಲ್ಲಿ ನಮ್ಮ ತೋಟದ ಮನೆಯ ಬ್ಯಾಟರಿಗಳು ಮಲಗುತ್ತಿದ್ದದ್ದೂ ಹಾಗೇ.

ಇಷ್ಟು ತಿಳಿದ ಮೇಲೆ ಅಂಗಡಿ ಸುತ್ತಲು ಹೊರಟೆ. ಮೈಸೂರಿನಲ್ಲಿ ಮೂರು, ಮಂಡ್ಯದಲ್ಲಿ ಒಂದು. ಲೆಕ್ಕದ ಹಾಳೆ ಜೇಬಿನಲ್ಲಿದ್ದರೆ ಮಾತಿನ ರೀತಿಯೇ ಬೇರೆಯಾಗುತ್ತದೆ. ಅಲ್ಲಿ ಕಲಿತ ಕೆಲವು ವಿಷಯ ನಿಮಗೂ ಉಪಯೋಗಕ್ಕೆ ಬರಬಹುದು. ಬ್ಯಾಟರಿ ಮೇಲೆ 150 ಎಎಚ್ ಅಂತ ಬರೆದಿದ್ದರೆ ಪಕ್ಕದಲ್ಲಿ ಸಿ10 ಇದೆಯೋ ಸಿ20 ಇದೆಯೋ ನೋಡಿ. ಸಿ20 ಅಂದರೆ 20 ಗಂಟೆಯಲ್ಲಿ ನಿಧಾನಕ್ಕೆ ಖಾಲಿ ಮಾಡಿದರೆ ಅಷ್ಟು ಸಿಗುತ್ತದೆ ಅಂತ. ಸಿ10 ಅಂದರೆ 10 ಗಂಟೆಯಲ್ಲೇ ಅಷ್ಟು ಕೊಡುತ್ತದೆ. ಮನೆಯ ಯುಪಿಎಸ್ ಬ್ಯಾಟರಿಗಳು ಸಾಮಾನ್ಯವಾಗಿ ಸಿ20, ಸೋಲಾರ್‌ದು ಸಿ10. ನಂಬರ್ ಒಂದೇ ಇದ್ದರೂ ಸಿ10 ಬ್ಯಾಟರಿಯೇ ದೊಡ್ಡದು. ದರ ಹೋಲಿಸುವಾಗ ಇದನ್ನು ಬಿಟ್ಟರೆ ಮೋಸ ಹೋಗುತ್ತೀರಿ. ವಾರಂಟಿ 36+24 ಅಂತ ಬರೆದಿದ್ದರೆ ಐದು ವರ್ಷ ಪೂರ್ತಿ ಉಚಿತ ಅಂತಲ್ಲ. ಮೊದಲ 36 ತಿಂಗಳು ಬದಲಾಯಿಸಿ ಕೊಡುತ್ತಾರೆ, ಉಳಿದ 24 ತಿಂಗಳಲ್ಲಿ ಹೊಸದರ ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡಿಕೊಡುತ್ತಾರೆ. ತಯಾರಾದ ತಿಂಗಳನ್ನೂ ಕೇಳಿ. ಅಂಗಡಿಯಲ್ಲಿ ಆರು ತಿಂಗಳು ಚಾರ್ಜ್ ಇಲ್ಲದೆ ಕೂತ ಬ್ಯಾಟರಿ ಅಲ್ಲೇ ಮುದಿಯಾಗಲು ಶುರುವಾಗಿರುತ್ತದೆ. ಮೀಟರ್ ಹಿಡಿದು ನೋಡಿ, 12.5ಕ್ಕಿಂತ ಕಡಿಮೆ ಇದ್ದರೆ ಬೇರೆ ಕೊಡಿ ಅನ್ನಿ.

ನನ್ನ ಮುಂದೆ ಉಳಿದದ್ದು ಎರಡು ದಾರಿ. ಸಿ10ನ 200 ಎಎಚ್ ಟ್ಯೂಬುಲರ್ ಎರಡು, ಒಟ್ಟು 42,000 ರೂಪಾಯಿ. ಇಲ್ಲವೇ 24 ವೋಲ್ಟಿನ 150 ಎಎಚ್ ಲಿಥಿಯಂ ಒಂದು, 74,000. ಲಿಥಿಯಂಗೆ ಲೆಡ್‌ನ ಹಾಗೆ ದಿನಾ ಅರ್ಧಕ್ಕೇ ನಿಲ್ಲಿಸುವ ಕಟ್ಟುಪಾಡಿಲ್ಲ, ಹಾಗಾಗಿ 150 ಸಾಕು.

ಲಿಥಿಯಂ ಅಂದ ಕೂಡಲೇ ಅಪ್ಪ ಬೇಡ ಅಂದರು. ಸ್ಕೂಟರ್ ಹೊತ್ತಿಕೊಂಡ ವಿಡಿಯೋ ಯಾರೋ ಕಳಿಸಿದ್ದರಂತೆ. ಅವರ ಭಯ ತಪ್ಪಲ್ಲ, ಆದರೆ ಲಿಥಿಯಂ ಅನ್ನುವುದು ಒಂದೇ ಬ್ಯಾಟರಿಯ ಹೆಸರಲ್ಲ. ಫೋನಿನಲ್ಲಿ, ಎಷ್ಟೋ ಸ್ಕೂಟರ್‌ಗಳಲ್ಲಿ ಇರುವುದು ಕೋಬಾಲ್ಟ್, ನಿಕ್ಕಲ್ ಸೇರಿದ ಜಾತಿ. ಮನೆಗೆ, ದೋಣಿಗೆ ಹಾಕುವುದು ಲಿಥಿಯಂ ಐರನ್ ಫಾಸ್ಫೇಟ್. ಇದು ಬಿಸಿಯನ್ನು ಹೆಚ್ಚು ತಡೆಯುತ್ತದೆ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಇದನ್ನು 1990ರ ದಶಕದ ಕೊನೆಯಲ್ಲಿ ಮೊದಲು ತೋರಿಸಿಕೊಟ್ಟವರು ಜಾನ್ ಗುಡ್‌ಇನಫ್ ಅವರ ತಂಡ, ಅದರಲ್ಲಿ ಅಕ್ಷಯ ಪಾಧಿ ಅಂತ ನಮ್ಮ ದೇಶದ ಮೂಲದವರೂ ಇದ್ದರು. ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಬಂತು, ಆಗ ಅವರಿಗೆ 97 ವರ್ಷ. ಲೆಡ್ ಆ್ಯಸಿಡ್ ಬ್ಯಾಟರಿಯಾದರೋ 1859ರದ್ದು, ಫ್ರಾನ್ಸಿನ ಪ್ಲಾಂಟೆ ಮಾಡಿದ್ದು. ಅಷ್ಟು ಹಳೆಯದು ಇವತ್ತಿಗೂ ಎಲ್ಲರ ಮನೆಯಲ್ಲಿ ದುಡಿಯುತ್ತಿದೆ ಅಂದರೆ ಅದರಲ್ಲೂ ಸತ್ವ ಇದೆ ಅಂತಲೇ ಅರ್ಥ.

ಇಲ್ಲೊಂದು ನಮ್ಮೂರಿನ ಮಾತು ಹೇಳಿಬಿಡುತ್ತೇನೆ. ಲಿಥಿಯಂ ಅಂದರೆ ಮಂಡ್ಯದವರಿಗೆ ಈಗ ಮರಳಗಾಲ ನೆನಪಾಗುತ್ತದೆ. ಆ ಸುತ್ತಿನ ಬಂಡೆಗಳಲ್ಲಿ 1,600 ಟನ್‌ನಷ್ಟು ಲಿಥಿಯಂ ಇರಬಹುದೆಂಬ ಅಂದಾಜನ್ನು 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ತಿಳಿಸಿತ್ತು. ಅಪ್ಪನಿಗೆ ಇದನ್ನು ಹೇಳಿದಾಗ ಮುಖ ಅರಳಿತು. "ಹಂಗಾದ್ರೆ ನಮ್ಮ ಕಡೇದೇ ಕಲ್ಲು ಬುಡು" ಅಂದರು. ಅವರ ಭಯ ಅರ್ಧ ಹೋಗಿದ್ದು ಆ ಮಾತಿಗೇ ಅನ್ನಿಸುತ್ತದೆ.

ದೋಣಿಯವರು ಲಿಥಿಯಂ ಹಿಂದೆ ಬೀಳಲು ದೊಡ್ಡ ಕಾರಣ ತೂಕ. 150 ಎಎಚ್ ಟ್ಯೂಬುಲರ್ ಒಂದು ಐವತ್ತು ಕಿಲೋ ಮೇಲೆ ತೂಗುತ್ತದೆ. ಗಾಳಿಗೆ ದೋಣಿ ಒಂದು ಕಡೆ ವಾಲಿದರೆ ಅದರ ಆ್ಯಸಿಡ್ ಚೆಲ್ಲುವ ಅಪಾಯ ಬೇರೆ. ಅದಕ್ಕೇ ದೋಣಿಗಳಲ್ಲಿ ಎಜಿಎಂ ಅನ್ನುವ ಸೀಲ್ ಮಾಡಿದ ಲೆಡ್ ಬ್ಯಾಟರಿ ಬಹಳ ಕಾಲದಿಂದ ಇದೆ. ಭಾವನ ದೋಣಿಯಲ್ಲೂ ಅದೇ ಇತ್ತು. ನಮ್ಮ ತೋಟದ ಮನೆ ವಾಲುವುದಿಲ್ಲ, ನೆಲಕ್ಕೆ ತೂಕದ ಚಿಂತೆಯಿಲ್ಲ. ಹಾಗಾಗಿ ಅವರಿಗೆ ಮುಖ್ಯವಾದ ಕಾರಣ ನಮಗೆ ಲೆಕ್ಕಕ್ಕಿಲ್ಲ. ಹಗುರ ಇದೆ ತಗೊಳ್ಳಿ ಅಂತ ಅಂಗಡಿಯವರು ಹೇಳಿದರೆ ಅದಕ್ಕೆ ಹಣ ಕೊಡಬೇಕಾಗಿಲ್ಲ.

ನಮಗೆ ಲೆಕ್ಕಕ್ಕೆ ಬಂದದ್ದು ಬೇರೆ. ಒಂದು, ಲಿಥಿಯಂ ಅರ್ಧ ಹೊಟ್ಟೆಯಲ್ಲಿ ವಾರಗಟ್ಟಲೆ ಇದ್ದರೂ ಅದಕ್ಕೆ ಏನೂ ಆಗುವುದಿಲ್ಲ, ಪೂರ್ತಿ ತುಂಬಿಟ್ಟು ಕೂರಿಸುವುದಕ್ಕಿಂತ ಅದೇ ಒಳ್ಳೆಯದು. ಅಂದರೆ ಆಷಾಢದ ಮೋಡ ಅದಕ್ಕೆ ಕಾಯಿಲೆಯಲ್ಲ. ಹಾಕಿದ ಕರೆಂಟಿನಲ್ಲಿ ನೂರಕ್ಕೆ 95ರ ಹತ್ತಿರ ವಾಪಸ್ ಕೊಡುತ್ತದೆ. ಮೋಡದ ದಿನ ಬಂದ ಎರಡು ಯೂನಿಟ್‌ನಲ್ಲಿ ಆ ಉಳಿತಾಯ ದೊಡ್ಡದು. ಇನ್ನೊಂದು, ನೀರು ಹಾಕುವ ಕೆಲಸ. ಅಪ್ಪನಿಗೆ 74 ವರ್ಷ. ಎರಡು ಮೂರು ತಿಂಗಳಿಗೊಮ್ಮೆ ಬಗ್ಗಿ ಕೂತು ಹನ್ನೆರಡು ಮುಚ್ಚಳ ಬಿಚ್ಚಿ ನೀರು ನೋಡುವುದು ಅವರಿಂದ ಇನ್ನು ಆಗುವುದಿಲ್ಲ. ನಾನು ಪ್ರತಿ ವಾರ ಹೋಗುತ್ತೇನಾದರೂ ಮರೆತ ತಿಂಗಳುಗಳು ಇವೆ, ಹಳೆಯ ಬ್ಯಾಟರಿ ಎರಡು ಸಲ ಪ್ಲೇಟ್ ಕಾಣುವಷ್ಟು ಒಣಗಿತ್ತು.

ಮೂರನೆಯದು ಜಾಗ. ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿ ಸಾಕು. ಮನೆಯಲ್ಲಿ ಅಮ್ಮ ಬೆಳಗ್ಗೆ ಸಂಜೆ ದೀಪ ಹಚ್ಚುತ್ತಾರೆ, ಅದಕ್ಕೇ ಬ್ಯಾಟರಿಯನ್ನು ಹೊರಗಿನ ಶೀಟಿನ ಕೋಣೆಯಲ್ಲಿ ಇಟ್ಟಿದ್ದೆವು. ಆ ಕೋಣೆ ಬೇಸಿಗೆಯಲ್ಲಿ ಒಲೆಯ ಹಾಗೆ ಕಾಯುತ್ತದೆ. ಲೆಡ್ ಬ್ಯಾಟರಿಗೆ ಸುಮಾರು ಹತ್ತು ಡಿಗ್ರಿ ಸೆಕೆ ಹೆಚ್ಚಾದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಸುರಕ್ಷಿತ ಅಂತ ಇಟ್ಟ ಜಾಗವೇ ಅದನ್ನು ತಿನ್ನುತ್ತಿತ್ತು. ಲಿಥಿಯಂ ಚಾರ್ಜ್ ಆಗುವಾಗ ಇಂಥ ಅನಿಲ ಬಿಡದ ಕಾರಣ ಅದನ್ನು ಉತ್ತರ ದಿಕ್ಕಿನ ತಂಪು ಕೋಣೆಯೊಳಗೇ ಇಡಬಹುದು. ಇದಕ್ಕೂ ಸೆಕೆ ಆಗುವುದಿಲ್ಲ, 45 ಡಿಗ್ರಿ ದಾಟಿದ ಜಾಗದಲ್ಲಿ ಚಾರ್ಜ್ ಮಾಡಬಾರದು.

ಇಷ್ಟೆಲ್ಲ ಒಳ್ಳೆಯ ಮಾತಾಯಿತು. ಈಗ ಅಂಗಡಿಯವರು ತಾವಾಗಿ ಹೇಳದೇ ಇದ್ದದ್ದು. ಹಳೆಯ ಇನ್ವರ್ಟರ್‌ಗೆ ಲಿಥಿಯಂ ನೇರವಾಗಿ ಹಾಕುವಂತಿಲ್ಲ. ನಮ್ಮದರಲ್ಲಿ ಟ್ಯೂಬುಲರ್ ಸೆಟ್ಟಿಂಗ್ ಮಾತ್ರ ಇತ್ತು. ಅದು ಆಗಾಗ ಸೆಲ್‌ಗಳನ್ನು ಸಮ ಮಾಡಲು 31 ವೋಲ್ಟ್‌ವರೆಗೆ ಏರಿಸುತ್ತದೆ. ಎಂಟು ಸೆಲ್‌ನ ಲಿಥಿಯಂ ಬ್ಯಾಟರಿಗೆ 29.2 ಕೊನೆಯ ಮಿತಿ, 28.4 ಇದ್ದರೆ ಧಾರಾಳ ಸಾಕು. ಮಿತಿ ದಾಟಿದರೆ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್, ಅದಕ್ಕೆ ಬಿಎಂಎಸ್ ಅನ್ನುತ್ತಾರೆ, ಥಟ್ಟನೆ ಲೈನ್ ಕತ್ತರಿಸುತ್ತದೆ. ದೋಣಿಯಲ್ಲಿ ಹೀಗಾದರೆ ಓಡುತ್ತಿರುವ ಆಲ್ಟರ್ನೇಟರ್‌ಗೆ ಕರೆಂಟ್ ಕೊಡಲು ಜಾಗವೇ ಇಲ್ಲದೆ ವೋಲ್ಟೇಜ್ ಜಿಗಿದು ಅದರ ಡಯೋಡ್‌ಗಳು ಸುಟ್ಟುಹೋಗುತ್ತವಂತೆ. ಇನ್ನೊಂದು ತೊಂದರೆಯೂ ಇದೆ. ಲಿಥಿಯಂ ಎಷ್ಟು ಕೊಟ್ಟರೂ ಎಳೆದುಕೊಳ್ಳುತ್ತದೆ, ಆಲ್ಟರ್ನೇಟರ್ ದಣಿದು ಬಿಸಿಯಾಗುತ್ತದೆ. ಅದಕ್ಕೇ ಮಧ್ಯದಲ್ಲಿ ಕರೆಂಟನ್ನು ಅಳೆದು ಕೊಡುವ ಡಿಸಿ ಚಾರ್ಜರ್ ಹಾಕುತ್ತಾರೆ. ಭಾವ ತಮ್ಮ ದೋಣಿಗೆ ಕೊನೆಗೆ ಎಜಿಎಂನಲ್ಲೇ ಉಳಿದದ್ದು ಈ ಎಲ್ಲ ಬದಲಾವಣೆಯ ಖರ್ಚು ನೋಡಿ. ಅವರು ವಾರಕ್ಕೊಮ್ಮೆ ದಡಕ್ಕೆ ಬಂದು ಪ್ಲಗ್ ಹಾಕಿ ಪೂರ್ತಿ ಚಾರ್ಜ್ ಮಾಡುತ್ತಾರೆ, ಹಾಗಾಗಿ ಅವರಿಗೆ ಅದೇ ಸರಿ.

ನಮಗೆ ದಡ ಇಲ್ಲ. ಹೊಸ ಇನ್ವರ್ಟರ್ ತಗೊಂಡೆ, 31,000. ವೋಲ್ಟೇಜ್‌ಗಳನ್ನು ನಾವೇ ಹೊಂದಿಸುವಂಥದ್ದು ಮತ್ತು ಸುಮ್ಮನೆ ಕೂತಾಗ 12 ವಾಟ್ ಮಾತ್ರ ತಿನ್ನುವಂಥದ್ದು ಅಂತ ಹುಡುಕಿ ತಗೊಂಡದ್ದು. ಫ್ಯೂಸ್, ದಪ್ಪ ಕೇಬಲ್, ಮೀಟರ್ ಸೇರಿ ಇನ್ನೊಂದು 6,500. ಹಳೆಯ ಬ್ಯಾಟರಿಗಳಿಗೆ 8,500 ಕಳೆದು ಒಟ್ಟು 1,03,000 ರೂಪಾಯಿ ಆಯಿತು. ಟ್ಯೂಬುಲರ್ ಹಾಕಿದ್ದರೆ 33,500ರಲ್ಲಿ ಮುಗಿಯುತ್ತಿತ್ತು. ಮೂರು ಪಟ್ಟು. ಇದನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಅನ್ಯಾಯ. ಮೈಸೂರಿನ ನನ್ನ ಮನೆಯಲ್ಲಿ ಇವತ್ತಿಗೂ 150ರ ಟ್ಯೂಬುಲರ್ ಒಂದೇ ಇದೆ, ಅದು ಕೆಟ್ಟರೆ ಮತ್ತೆ ಅದನ್ನೇ ತರುತ್ತೇನೆ. ಸಿಟಿಯಲ್ಲಿ ಕರೆಂಟ್ ಹೋದರೆ ಒಂದು ಗಂಟೆಯಲ್ಲಿ ಬರುತ್ತದೆ, ಬ್ಯಾಟರಿ ಬಹುಪಾಲು ತುಂಬಿಯೇ ಇರುತ್ತದೆ, ಅದಕ್ಕೆ ಬೇಕಾದ್ದೂ ಅದೇ. ಅಂಥ ಮನೆಗೆ ಲಿಥಿಯಂ ಹಾಕಿಸಿ ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ. ದಿನಾ ತುಂಬಿ ದಿನಾ ಖಾಲಿಯಾಗುವ ಮನೆಯ ಮಾತು ಬೇರೆ.

ಫ್ಯೂಸ್ ಬಗ್ಗೆ ಭಾವ ಪಟ್ಟು ಹಿಡಿದರು. ಲಿಥಿಯಂ ಶಾರ್ಟ್ ಆದರೆ ಕ್ಷಣದಲ್ಲಿ ಸಾವಿರಾರು ಆಂಪ್ ಹರಿಯುತ್ತದೆ. ಅದಕ್ಕೆ ತಕ್ಕ ಡಿಸಿ ಫ್ಯೂಸ್ ಬ್ಯಾಟರಿಯ ಪ್ಲಸ್ ಟರ್ಮಿನಲ್‌ಗೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ ಇರಬೇಕು. ಮನೆಯ ಎಸಿ ಎಂಸಿಬಿ ಅಲ್ಲಿ ಕೆಲಸಕ್ಕೆ ಬಾರದು. ಹಳೆಯ ಕೇಬಲ್ ಬಿಚ್ಚಿದಾಗ ಒಂದು ಲಗ್ (ಕೇಬಲ್ ತುದಿಯ ಲೋಹದ ಕೊಂಡಿ) ಸಡಿಲವಾಗಿ ಅದರ ಪ್ಲಾಸ್ಟಿಕ್ ಕಂದಿಹೋಗಿತ್ತು. ಅದನ್ನು ನೋಡಿ ನನ್ನ ಎದೆ ಝಲ್ ಅಂತು. ಬ್ಯಾಟರಿ ಯಾವುದೇ ಇರಲಿ, ಇವತ್ತು ಸಂಜೆ ನಿಮ್ಮ ಮನೆಯದ್ದರ ಟರ್ಮಿನಲ್ ಒಮ್ಮೆ ನೋಡಿ. ಇನ್ವರ್ಟರ್ ಓಡುವಾಗ ಮುಟ್ಟಬೇಡಿ, ಆಫ್ ಮಾಡಿ ನಟ್ ಬಿಗಿಯಾಗಿದೆಯಾ ಅಂತ ನೋಡಿದರೆ ಸಾಕು.

ಫ್ರಿಜ್ಜಿನ ವಿಷಯಕ್ಕೆ ಬರುತ್ತೇನೆ, ಇದೆಲ್ಲ ಶುರುವಾಗಿದ್ದೇ ಅದರಿಂದ. ಟ್ಯೂಬುಲರ್ ಬ್ಯಾಟರಿ ಸಾಯುವಾಗ ಹೇಳಿ ಸಾಯುತ್ತದೆ. ವೋಲ್ಟೇಜ್ ನಿಧಾನ ಇಳಿಯುತ್ತದೆ, ಇನ್ವರ್ಟರ್ ಕೂಗುತ್ತದೆ. ಲಿಥಿಯಂ ಹಾಗಲ್ಲ. ನೂರರಲ್ಲಿ 80 ಇದ್ದಾಗಲೂ 30 ಇದ್ದಾಗಲೂ ವೋಲ್ಟೇಜ್ ಹೆಚ್ಚೂಕಡಿಮೆ ಒಂದೇ. ಕೊನೆಯಲ್ಲಿ ಸಟ್ಟನೆ ಬಿದ್ದು ಬಿಎಂಎಸ್ ಕತ್ತರಿಸುತ್ತದೆ. ಹಾಗಾಗಿ ವೋಲ್ಟ್ ಮೀಟರ್ ನಂಬುವಂತಿಲ್ಲ. ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಅಂತ ಎಣಿಸುವ ಶಂಟ್ ಮೀಟರ್ ಹಾಕಿಸಿದೆ. ಅದು ನೂರಕ್ಕೆ ಎಷ್ಟು ಉಳಿದಿದೆ ಅಂತ ದೊಡ್ಡ ಅಂಕಿಯಲ್ಲಿ ತೋರಿಸುತ್ತದೆ, ಅಪ್ಪನ ಕಣ್ಣಿಗೂ ಕಾಣುತ್ತದೆ. ಮತ್ತೆ ದೋಣಿಯ ಎರಡು ಬ್ಯಾಟರಿಯ ಉಪಾಯವನ್ನು ನಮಗೆ ಹೊಂದುವ ಹಾಗೆ ಮಾಡಿಕೊಂಡೆವು. ಬ್ಯಾಟರಿ ಒಂದೇ, ಆದರೆ ವೈರಿಂಗ್ ಎರಡು ಲೈನ್. ಫ್ರಿಜ್ಜು, ಹೊರಗಿನ ಲೈಟು, ಒಂದು ಫ್ಯಾನು ಒಂದರಲ್ಲಿ. ಟಿವಿ, ವೈಫೈ, ಉಳಿದದ್ದೆಲ್ಲ ಇನ್ನೊಂದರಲ್ಲಿ. ಮೀಟರ್ 30ಕ್ಕಿಂತ ಕೆಳಗೆ ಬಂದರೆ ಎರಡನೇ ಸ್ವಿಚ್ ಇಳಿಸುವುದು. ಆ ಸ್ವಿಚ್ಚಿಗೆ ಅಮ್ಮ ಅರಿಶಿನದ ಬೊಟ್ಟು ಇಟ್ಟಿದ್ದಾರೆ, ಕತ್ತಲಲ್ಲೂ ಟಾರ್ಚ್ ಬೆಳಕಿಗೆ ಗೊತ್ತಾಗಲಿ ಅಂತ.

ಹಳೆಯ ಬ್ಯಾಟರಿಗಳನ್ನು ಗುಜರಿಯವನು ಜಾಸ್ತಿ ದುಡ್ಡು ಕೊಡುತ್ತೇನೆ ಅಂತ ಬಂದಿದ್ದ. ಕೊಡಲಿಲ್ಲ. ಒಡೆದು ಆ್ಯಸಿಡ್ ಚರಂಡಿಗೆ ಸುರಿದರೆ ಅದು ಹೋಗುವುದು ನಮ್ಮದೇ ಕಾಲುವೆಗೆ, ಸೀಸ ಹೋಗುವುದು ನಮ್ಮದೇ ಮಣ್ಣಿಗೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಪಡೆದು ಸರಿಯಾಗಿ ಮರುಬಳಕೆ ಮಾಡಿಸುವ ಹೊಣೆ ತಯಾರಕರದ್ದು. ಮಾರಾಟಗಾರರ ಕೈಗೇ ಕೊಟ್ಟು ರಸೀದಿ ತಗೊಂಡೆ.

ಮೇ ಕೊನೆಗೆ ಎಲ್ಲ ಕೂರಿಸಿ ಆಯಿತು. ಆವಾಗಿನಿಂದ ಅಪ್ಪ ದಿನಾ ಬೆಳಗ್ಗೆ ಏಳಕ್ಕೆ ಮೀಟರ್ ನೋಡಿ ಕ್ಯಾಲೆಂಡರ್‌ನಲ್ಲಿ ಆ ದಿನದ ಚೌಕದೊಳಗೆ ಅಂಕಿ ಬರೆಯುತ್ತಾರೆ. ಜೂನ್‌ನ ಬಿಸಿಲಿನ ದಿನಗಳಲ್ಲಿ 48, 49, 48. ಆಷಾಢದಲ್ಲಿ ನಾಲ್ಕು ದಿನ ಬಿಡದೆ ಮೋಡ ಕವಿದಿತ್ತು. ಆಗ 48, 40, 33, 31. ಆ ನಾಲ್ಕನೇ ದಿನ ಸಂಜೆಯೇ ಅಪ್ಪ ಎರಡನೇ ಸ್ವಿಚ್ ಇಳಿಸಿ, ಟಿವಿ ಇಲ್ಲದೆ ಬೇಗ ಮಲಗಿದರಂತೆ. ಮಾರನೇ ಬೆಳಗ್ಗೆ ಫೋನ್ ಬಂತು. "ನಲವತ್ತೈತೆ ಮಗ, ಫ್ರಿಜ್ಜು ತಣ್ಣಗೈತೆ." ಐದನೇ ಪ್ಯಾನೆಲ್‌ಗೆ ಫ್ರೇಮ್ ಹೊಡೆಸಲು ಹೇಳಿದ್ದೇನೆ. ಗೌರಿ ಹಬ್ಬಕ್ಕೆ ಹೋದಾಗ ಅದನ್ನೂ ಮೇಲೇರಿಸಬೇಕು.